ಉಂಡವರ ಸಾಕ್ಷಿ

೧ ಜನವರಿ ೧೯೭೬, ಗುರುವಾರ. ಸಿಂದಗಿ

ಎಳ್ಳ ಅಮಾವಾಸ್ಯೆ. ವರ್ಷದ ಪದ್ಧತಿಯಂತೆ ಹೆಂಡತಿಯ ತಮ್ಮ ಸಾತಲಿಂಗಗೌಡನ ಹೊಲಕ್ಕೆ, ಕನ್ನೊಳ್ಳಿಗೆ ಹೋಗಿ ಚರಗ ಚೆಲ್ಲಿ, ಎಂದರೆ ಭೂಮಿತಾಯಿಗೆ ಎಡೆಯ ಅಡಿಗೆ ಚೆಲ್ಲಿ, ಉಂಡು ಬಂದೆವು. ಉಂಡೆವು ಎನ್ನುವುದು ಹೆಸರಿಗೆ. ಬದನೆಕಾಯಿಗೆ ಎಣ್ಣೆ ಸುರಿದು ಇಟ್ಟಿದ್ದರು, ಸಜ್ಜೆ ರೊಟ್ಟಿ ಕಟ್ಟಿಗೆಯಂತಾಗಿತ್ತು, ಎಲ್ಲದರ ಮೇಲೂ ನೊಣ. ಗೌಡ ತುಪ್ಪದ ಕೈಯಿಂದಲೇ ನನ್ನ ಹೆಗಲು ತಟ್ಟಿದ. ಬಿಳಿ ಅಂಗಿ ಹಾಳಾಯಿತು. ಮನುಷ್ಯನಿಗೆ ನಲವತ್ತು ದಾಟುವವರೆಗೆ ಕೈ ಒರೆಸಿಕೊಳ್ಳುವುದು ಬಾರದಿದ್ದರೆ ಇನ್ನೇನು ಬಂದೀತು?

ಹದಿನೆಂಟು ವರ್ಷ ಈ ಹೊಲದಲ್ಲಿ ನಮಗೆ ಬಡಿಸುತ್ತಿದ್ದವಳು ಹುಚ್ಚವ್ವ. ಅವಳ ಗಂಡ ಬೀರಣ್ಣ ಹಳ್ಳದ ದಂಡೆಯ ಈ ಎಂಟು ಎಕರೆಯನ್ನು ಪಾಲಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಗೌಡನ ಮನೆಗೆ, ಅರ್ಧ ಅವನಿಗೆ. ಉಳುವವನಿಗೇ ಹೊಲ ಎಂದು ಹೊಸ ಕಾಯ್ದೆ ಬಂದ ಕೂಡಲೇ ಬೀರಣ್ಣ ಅರ್ಜಿ ಹಾಕಿದ. ಹೋದ ಎಪ್ರಿಲ್ ತಿಂಗಳಲ್ಲಿ ಸತ್ತ. ಅರ್ಜಿಯನ್ನು ಈಗ ಹೆಂಡತಿ ನಡೆಸುತ್ತಿದ್ದಾಳೆ. ಫೆಬ್ರವರಿ ಹದಿನೆಂಟಕ್ಕೆ ಭೂ ನ್ಯಾಯಮಂಡಳಿಯ ಮುಂದೆ ವಿಚಾರಣೆ. ಈ ಸಲ ಅವಳು ಬಡಿಸಲು ಬರಲಿಲ್ಲ. ಯಾರೂ ಕರೆದಿರಲೂ ಇಲ್ಲ.

ಗೌಡ ಊಟದ ನಡುವೆಯೇ ಸುರು ಮಾಡಿದ. “ಮಾಮಾ, ಈ ಹೊಲಾ ಹೋಗಬಾರ್ದು ನೋಡ್ರಿ. ನಿಮ್ಮಂಥಾ ವಕೀಲರು ಮನ್ಯಾಗ ಇದ್ದೂ ಹೊಲಾ ಕಳಕೊಂಡ್ರ ಮಂದಿ ನಗ್ತಾರ.”

“ಆ ಮಂಡಳಿ ಮುಂದ ವಕೀಲರು ನಿಂದ್ರಾಂಗಿಲ್ಲೋ. ಕಾಯ್ದೇನ ಹಂಗೈತಿ.”

“ನಿಂದ್ರಬ್ಯಾಡ್ರಿ. ಕುಂತಲ್ಲೇ ಹೇಳಿಕೊಡ್ರಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

೫ ಜನವರಿ, ಸೋಮವಾರ

ಕಚೇರಿಯ ಮೆಟ್ಟಿಲ ಮೇಲೆ ಮತ್ತೆ ಎಲೆಯಡಿಕೆ ಉಗುಳಿದ್ದಾರೆ. ಕಾರಕೂನ ಯಾಕೂಬಸಾಬನಿಗೆ ಹೇಳಿ ಎರಡು ಸಲ ತೊಳೆಸಿದೆ. ವಾಸನೆ ಹೋಗಲಿಲ್ಲ. ಬಹುಶಃ ಅದು ಉಗುಳಿನ ವಾಸನೆ ಅಲ್ಲ, ಪಕ್ಷಗಾರರದು.

ಇಪ್ಪತ್ತೇಳು ವರ್ಷ. ಬಾಡಿಗೆಯ ಒಂದು ಖುರ್ಚಿಯಿಂದ ಸುರು ಮಾಡಿದ್ದೆ. ಈಗ ಫಲಕದ ಮೇಲೆ ನಾಲ್ಕು ಹೆಸರು, ಎಲ್ಲಕ್ಕೂ ಮೇಲೆ ದಪ್ಪ ಅಕ್ಷರದಲ್ಲಿ ನನ್ನದು: ಗೊಲ್ಲಾಳಪ್ಪ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕೋರ್ಟುಗಳಲ್ಲಿ ನನ್ನ ಕಚೇರಿಯ ಕೆಲಸವಿದೆ. ಏನು ಕೆಲಸ? ಮಂಡಳಿಯೊಳಗೆ ವಕೀಲರಿಗೆ ಜಾಗ ಇಲ್ಲದ್ದರಿಂದ ಈ ಕಚೇರಿ ಈಗ ಶಾಲೆಯಾಗಿದೆ. ಬೆಳಗಿನಿಂದ ಗೌಡರು, ದೇಸಾಯರು ಬಂದು ಕೂತು ಸುಳ್ಳು ಬಾಯಿಪಾಠ ಮಾಡುತ್ತಾರೆ. ಅದೂ ಸರಿಯಾಗಿ ಬರುವುದಿಲ್ಲ ನನ್ನಮಕ್ಕಳಿಗೆ. ಇಂದು ಒಬ್ಬನಿಗೆ, ನಾನೇ ಸ್ವತಃ ಬಿತ್ತುತ್ತೇನೆ ಎಂದು ಹೇಳಲು ಕಲಿಸಿದೆ. ಬಿತ್ತುವ ಕೂರಿಗೆಗೆ ಎಷ್ಟು ತಾಳು ಎಂದು ಕೇಳಿದರೆ ನನ್ನ ಮುಖ ನೋಡಿದ.

ಜೂನಿಯರುಗಳಲ್ಲಿ ಮನುಷ್ಯ ಎನ್ನಬಹುದಾದವನು ಒಬ್ಬನೇ, ಮೋರಟಗಿಯ ಅಮೋಘಸಿದ್ಧ. ಕುರಿ ಕಾಯುವ ಮನೆತನದಿಂದ ಬಂದು ಕರಿ ಕೋಟು ಹಾಕಿದ ಮೊದಲನೆಯವನು. ಆ ಕೋಟನ್ನು ಹೊಲಿಸಿಕೊಟ್ಟವನೂ ನಾನೇ. ಅವನ ಅಪ್ಪ ಸತ್ತು ವರ್ಷವಾಯಿತು, ಎಡೆಗೆ ರಜೆ ಬೇಕೆಂದ. ಚಹಾ ಕುಡಿಯುತ್ತ ಮನೆಯ ಸಂಗತಿ ಹೇಳಿದ.

“ವರ್ಷ ಆತ್ರಿ ಸಾಹೇಬ್ರ, ನಮ್ಮವ್ವ ಭಂಡಾರ ಮುಟ್ಟಿಲ್ಲ.”

ಭಂಡಾರ ಎಂದರೆ ಅವರ ದೇವರು ಬೀರಪ್ಪನ ಅರಿಷಿಣ ಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಅವರ ಮಂದಿ ಸುಳ್ಳು ಹೇಳಿದ್ದನ್ನು ನಾನಂತೂ ಕೇಳಿಲ್ಲ. “ಯಾಕ ಮುಟ್ಟಿಲ್ಲ?” ಎಂದೆ.

“ಗಂಡ ತೀರಿದ ಹೆಣಮಗಳು ವರ್ಷದ ಎಡಿ ಆಗೂತನಕ ಮುಟ್ಟಾಂಗಿಲ್ರಿ. ಎಲ್ಲಾ ಕುರುಬರದೂ ಅಲ್ಲ, ನಮ್ಮ ಬೆಡಗಿನಾಗ, ನಮ್ಮ ಕುಲದಾಗ ಅಷ್ಟ. ಮೋರಟಗ್ಯಾಗ ನಾಕ ಮನಿ, ಕನ್ನೊಳ್ಳಿ ಬೀರಣ್ಣಂದೊಂದು. ಹೊರಗಿನವರ ಮುಂದ ಇದನ್ನ ಆಡಾಂಗೂ ಇಲ್ರಿ. ನೀವಂದ್ರ ಹೊರಗಿನವರೇನ್ರಿ?”

ಹುಡುಗನ ಕಣ್ಣು ತೇವವಾಗಿತ್ತು. ರಜೆ ಕೊಟ್ಟೆ.

೧೧ ಜನವರಿ, ರವಿವಾರ

ಗೌಡ ಮನೆಗೆ ಬಂದಿದ್ದ. ಆರು ರೊಟ್ಟಿ ತಿಂದು ತೇಗಿದ. ಹೊಲದ ಸರಕಾರಿ ದಾಖಲೆಯಾದ ಉತಾರದಲ್ಲಿ ಬೀರಣ್ಣನ ಹೆಸರೇ ಇಲ್ಲ, ಇವನು ಎಂದೂ ಹಾಕಿಸಲಿಲ್ಲ. ಆದರೆ ಅವಳ ಕಡೆಯಿಂದ ಸಾಕ್ಷಿ ಹೇಳಲು ಕನ್ನೊಳ್ಳಿಯ ಐವರು ತಯಾರಾಗಿದ್ದಾರೆ. ಆ ಐವರ ಮಾತಿನ ಹೊರತು ಅವಳಿಗೆ ಬೇರೆ ಆಧಾರವಿಲ್ಲ.

“ಐದೂ ಮಂದಿಗೆ ದಮ್ ಕೊಟ್ಟು ಅಂಜಸ್ಲೇನ್ರಿ ಮಾಮಾ?” ಎಂದ. ಹೆಡ್ಡ.

“ದಮ್ ಗಿಮ್ ಬ್ಯಾಡ. ದೊಡ್ಡ ಮನಸ್ಸು ಮಾಡು,” ಎಂದೆ. “ಬೀರಪ್ಪನ ಗುಡಿ ಕಟ್ಟಿ ಮ್ಯಾಲ ಊರ ಮಂದೀನ ಕೂಡಿಸು. ಹುಚ್ಚವ್ವ ಭಂಡಾರ ಹಿಡದು, ನನ್ನ ಗಂಡ ಈ ಹೊಲಾ ಮಾಡ್ಯಾನ ಅಂತ ಒಂದ ಮಾತು ಹೇಳಲಿ, ನಾ ತಕರಾರ ಬಿಟ್ಟು ಸಹಿ ಮಾಡ್ತೇನಿ ಅನ್ನು.”

“ಹಿಡದ ಬಿಟ್ರ?”

“ಹಿಡಿಯಾಂಗಿಲ್ಲ. ಎಪ್ರಿಲ್‌ತನಕ ಅಕಿ ಭಂಡಾರ ಮುಟ್ಟಾಂಗಿಲ್ಲ. ಯಾಕ ಅಂತ ಬಾಯಿ ಬಿಟ್ಟು ಹೇಳಾಂಗೂ ಇಲ್ಲ.”

ಅವನ ತಲೆಗೆ ಹೋಗಲು ಹೊತ್ತು ಹಿಡಿಯಿತು. ಹೋದ ಮೇಲೆ ತೊಡೆ ಬಡಿದುಕೊಂಡು ನಕ್ಕ. ಹೆಂಡತಿ ಶೇವಂತೆವ್ವ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತಿದ್ದಳು. ತಂಬಿಗೆ ಇಟ್ಟು ಒಳಗೆ ಹೋದಳು.

ಒಂದು ಸುಳ್ಳಿಲ್ಲ, ಒಂದು ಖೊಟ್ಟಿ ಕಾಗದವಿಲ್ಲ, ಯಾರ ಮೈಮೇಲೂ ಕೈ ಇಲ್ಲ. ಇಪ್ಪತ್ತೇಳು ವರ್ಷದಲ್ಲಿ ಇಷ್ಟು ಸ್ವಚ್ಛವಾದ ಕೆಲಸ ಮಾಡಿದ್ದು ನೆನಪಿಲ್ಲ.

೧೯ ಜನವರಿ, ಸೋಮವಾರ

ನಾನಂದಂತೆಯೇ ಆಯಿತು. ಯಾಕೂಬಸಾಬನ ಬೀಗರು ಕನ್ನೊಳ್ಳಿಯವರು. ಅವನು ಬಂದು ವರದಿ ಒಪ್ಪಿಸಿದ.

“ಭಂಡಾರದ ಚೀಲಾ ಮುಂದ ಹಿಡದ ಕೂಡಲೇ ಎರಡ ಹೆಜ್ಜಿ ಹಿಂದ ಸರದ್ಲಂತ್ರಿ. ಮೂರ ತಿಂಗಳಾ ತಡೀರಿ, ಎಪ್ರಿಲ್‌ದಾಗ ಹಿಡೀತೇನಿ ಅಂದ್ಲಂತ. ಯಾಕ ಅಂದ್ರ ತುಟಿ ಪಿಟಕ್ ಅನ್ಲಿಲ್ಲಂತ. ಊರಾಗಿನ ಬ್ಯಾರೆ ಕುರುಬರ ಮುದುಕ್ಯಾರೇ ಥೂ ಅಂತ ಉಗುಳಿ ಎದ್ದ ಹೋದ್ರಂತ್ರಿ. ಆ ಐದೂ ಮಂದಿ ಸಾಕ್ಷಿದವರು, ದೇವರಿಗೇ ಅಂಜಿದಾಕಿ ಸಲುವಾಗಿ ನಾವ್ಯಾಕ ಬಾಯಿ ಬಿಡೂನು ಅಂದ್ರಂತ.”

ಹೇಳುವಾಗ ಯಾಕೂಬಸಾಬ ನನ್ನ ಕಡೆ ನೋಡಲಿಲ್ಲ. ದಾವೆಗಳ ಕಟ್ಟುಗಳ ಧೂಳು ಒರೆಸುತ್ತಲೇ ಹೇಳಿದ. ಧೂಳು ಒರೆಸು ಎಂದು ನಾನು ಹೇಳಿರಲಿಲ್ಲ.

ಗೌಡ ಒಂದು ಗಂಟು ಸೀತನಿ ಕಳಿಸಿದ್ದಾನೆ. ಅದೇ ಹಳ್ಳದ ದಂಡೆಯ ಜೋಳದ ಎಳೆ ತೆನೆ, ಸುಟ್ಟು ಬಡಿದದ್ದು. ನನಗೆ ಪ್ರಾಣ ಅದು. ಬಾಯಿಗೆ ಹಾಕಿಕೊಂಡೆ. ಬೂದಿ ತಿಂದಂತಾಯಿತು. ಸುಡಲಿಕ್ಕೂ ಬರುವುದಿಲ್ಲ ಅವರಿಗೆ.

೨೦ ಜನವರಿ

ಸೀತನಿಯನ್ನು ಎಮ್ಮೆಗೆ ಹಾಕಿಸಿದೆ.

೨೪ ಜನವರಿ, ಶನಿವಾರ

ಹುಚ್ಚವ್ವ ಕಚೇರಿಗೆ ಬಂದಳು. ನನ್ನ ಹತ್ತಿರವೇ! ಕನ್ನೊಳ್ಳಿಯಿಂದ ನಡೆದು ಬಂದಿದ್ದಳು, ಕಾಲು ಮೊಣಕಾಲ ತನಕ ಧೂಳು. ಖುರ್ಚಿ ತೋರಿಸಿದರೆ ಕೂಡಲಿಲ್ಲ. ಮೈಯಿಂದ ಕುರಿಹಟ್ಟಿಯ ವಾಸನೆ ಬರುತ್ತಿತ್ತು. ಕಿಟಕಿ ತೆರೆಸಿದೆ.

“ವಕೀಲಪ್ಪಾರ, ನನ್ನ ಕಡೆ ಹೇಳಾವರು ಯಾರೂ ಉಳಿಲಿಲ್ಲ. ನೀವ ಬಂದು ಒಂದ ಮಾತು ಹೇಳ್ರಿ,” ಎಂದಳು.

ಇವಳಿಗೆ ಏನೂ ಗೊತ್ತಿಲ್ಲ, ಮೊದಲು ಅಷ್ಟು ಅನ್ನಿಸಿತು. “ನಾ ನಿಮ್ಮ ಗೌಡನ ಅಕ್ಕನ ಗಂಡ ಯವ್ವಾ. ಅದೂ ಅಲ್ದ ಅಲ್ಲಿ ವಕೀಲರಿಗೆ ಬಿಡಾಂಗಿಲ್ಲ,” ಎಂದೆ.

“ವಕೀಲರಾಗಿ ಯಾಕ ಬರ್ತೀರಿ? ಉಂಡವರಾಗಿ ಬರ್ರಿ. ಹದಿನೆಂಟ ವರ್ಷ ಎಳ್ಳಮಾಸಿಗಿ ಅದ ಹೊಲದಾಗ ನನ್ನ ಕೈಲೆ ಉಂಡೀರಿ. ನನ್ನ ಗಂಡ ಎತ್ತಿನ ಹಗ್ಗಾ ಬಿಚ್ಚಿ ನಿಮಗ ಕೈಗೆ ನೀರ ಹಾಕತಿದ್ದ. ಹೊಲಾ ಮಾಡಾವ್ರು ಯಾರಂತ ನಿಮಗ ಗೊತ್ತಿಲ್ಲೇನ್ರಿ?”

ದನಿ ಏರಿಸಲಿಲ್ಲ. ಅಳಲೂ ಇಲ್ಲ. ಅತ್ತಿದ್ದರೆ ಸುಲಭವಾಗುತ್ತಿತ್ತು, ಅಳುವ ಹೆಂಗಸರನ್ನು ಕಳಿಸಿಕೊಡುವುದು ನನಗೆ ಚೆನ್ನಾಗಿ ಗೊತ್ತು. ಕೆಲಸ ಐತಿ, ಹೋಗಿ ಬಾ ಎಂದೆ. ಹೋದಳು. ಅವಳು ನಿಂತ ಜಾಗವನ್ನು ಯಾಕೂಬಸಾಬನಿಂದ ಒರೆಸಿಸಿದೆ. ಆಮೇಲೆ ಕೈ ತೊಳೆದುಕೊಂಡೆ. ಯಾತಕ್ಕೆ? ನಾನೇನೂ ಮುಟ್ಟಿರಲಿಲ್ಲ.

೨ ಫೆಬ್ರವರಿ, ಸೋಮವಾರ

ಅಮೋಘಸಿದ್ಧ ಬಂದ. ವಾರದಿಂದ ರಜೆಯ ಮೇಲಿದ್ದವನು. ಮುಖ ಇಳಿದಿತ್ತು. ಆ ಗೌಡ ಎಂಬ ಪ್ರಾಣಿ ಕನ್ನೊಳ್ಳಿಯಲ್ಲಿ ಕುಡಿದು ಜಂಬ ಕೊಚ್ಚಿದನಂತೆ, ‘ಕುರುಬರ ಮನಿ ಗುಟ್ಟು ನನ್ನ ಕಿಸೇದಾಗ ಐತಿ’ ಎಂದು. ಯಾರು ಹೇಳಿದರು ಎಂದು ಕೇಳಿದ್ದಕ್ಕೆ, ‘ಮೋರಟಗಿ ಕರಿ ಕೋಟಿನವ’ ಎಂದನಂತೆ. ನನ್ನ ಹೆಸರು ಉಳಿಸಲಿಕ್ಕೆ ಹಾಗೆಂದನೋ, ಮಜಾಕ್ಕೆ ಅಂದನೋ. ಮೋರಟಗಿಯ ನಾಲ್ಕು ಮನೆಯವರು ಇವನಿಗೆ ಗುಡಿಯ ಕಟ್ಟೆ ಹತ್ತಲು ಬಿಡುತ್ತಿಲ್ಲ. ತಾಯಿ ಇವನ ಕೂಡ ಮಾತು ಬಿಟ್ಟಿದ್ದಾಳೆ. ರೊಟ್ಟಿ ಬಡಿದು ಬುಟ್ಟಿಯಲ್ಲಿ ಇಡುತ್ತಾಳೆ, ಕೈಗೆ ಕೊಡುವುದಿಲ್ಲವಂತೆ.

“ಯಾರ್ಯಾರ ಮುಂದ ಹೇಳೇನಿ ಅಂತ ಎಂಟ ದಿನಾ ನೆನಸಿ ನೋಡಿದ್ನಿರಿ ಸಾಹೇಬ್ರ,” ಎಂದ. “ನಿಮ್ಮ ಮುಂದ ಅಷ್ಟ.”

ನಾನು ಕನ್ನಡಕ ಒರೆಸಿದೆ. ಇನ್ನೇನಾದರೂ ಅಂದಾನೆಂದು ಕಾದೆ. ಬೈಯಲಿ ಎಂದೂ ಅನ್ನಿಸಿತು. ಅವನು ಕೋಟು ಬಿಚ್ಚಿ, ಮಡಚಿ, ನನ್ನ ಮೇಜಿನ ಮೇಲೆ ಇಟ್ಟು ಮೆಟ್ಟಿಲಿಳಿದ. ನೀಟಾಗಿ ಮಡಚಿದ್ದ, ತೋಳು ಒಳಗೆ ಹಾಕಿ.

ಉಳಿದ ಇಬ್ಬರು ಜೂನಿಯರುಗಳು ಬಾಯಿಯಲ್ಲಿ ಎಲೆ ಹಾಕಿಕೊಂಡು ನೋಡುತ್ತ ನಿಂತಿದ್ದರು. ಒಬ್ಬ, “ಖುರ್ಚಿ ಖಾಲಿ ಆತಲ್ರಿ, ನನ್ನ ತಮ್ಮ ಅದಾನ,” ಎಂದ. ಥೂ ನಿನ್ನ ಎಂದು ಕೂಗಿದೆ. ರಸ್ತೆಯವರೆಗೆ ಕೇಳಿಸಿರಬೇಕು.

೮ ಫೆಬ್ರವರಿ, ರವಿವಾರ

ಇಂದು ಅನ್ನವೂ ಸೇರಲಿಲ್ಲ. ಉಪ್ಪು ಹೆಚ್ಚಾಗಿದೆ ಎಂದೆ. ಶೇವಂತೆವ್ವ ನನ್ನ ತಾಟಿನಿಂದ ಒಂದು ತುತ್ತು ತಿಂದು ನೋಡಿ, “ಉಪ್ಪ ಬರೋಬರಿ ಐತ್ರಿ,” ಎಂದಳು. ಆಮೇಲೆ ನನ್ನೆದುರಿಗೆ ಕೂತಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಉಣ್ಣುವಾಗ ಅವಳು ಎದುರಿಗೆ ಕೂತದ್ದಿಲ್ಲ.

“ಅವತ್ತ ಮಜ್ಜಿಗಿ ತರೂಮುಂದ ಎಲ್ಲಾ ಕೇಳೇನಿ. ನನ್ನ ತವರಮನಿ ಹೊಲ ಉಳೀತೈತಿ ಅಂತ ಸುಮ್ಮ ಕುಂತೆ. ನಂದೂ ಹೊಲಸ ಮನಸ್ಸ. ಆದ್ರ ನಿಮ್ಮಂಗ ನಂಗ ಊಟಾ ಬಿಡಾಕ ಆಗವಲ್ದು. ಉಣ್ಣೂದ ಆದ್ರ ಉಣ್ರಿ, ಇಲ್ಲಾ ಯಾಕ ಉಣ್ಣಾಕ ಆಗವಲ್ದು ಅಂತ ಬಾಯಿ ಬಿಟ್ಟು ಹೇಳ್ರಿ.”

ಹೊಟ್ಟೆ ಸರಿ ಇಲ್ಲ ಎಂದೆ. ತಾಟು ಎತ್ತಿಕೊಂಡು ಹೋದಳು.

೧೩ ಫೆಬ್ರವರಿ, ಶುಕ್ರವಾರ. ಬಸವನ ಬಾಗೇವಾಡಿ

ವಕೀಲ ಮಿತ್ರರೆಲ್ಲ ಸೇರಿ ನನಗೆ ಸತ್ಕಾರ ಮಾಡಿದರು. ಶಾಲು, ಹಾರ, ಒಂದು ಗಡಿಯಾರ. ಒಬ್ಬರಾದ ಮೇಲೆ ಒಬ್ಬರು ಎದ್ದು ನನ್ನನ್ನು ಹೊಗಳಿದರು. ಒಬ್ಬನಂತೂ “ಸತ್ಯದ ಪಕ್ಷಪಾತಿ” ಎಂದ. ಅದೇ ಮನುಷ್ಯನ ಜೊತೆ ಹೋದ ವರ್ಷ ಮುದ್ದೇಬಿಹಾಳದಲ್ಲಿ ಕೂತು, ಸತ್ತವನ ಹೆಬ್ಬೆಟ್ಟನ್ನು ಹೇಗೆ ದಕ್ಕಿಸಿಕೊಳ್ಳಬೇಕೆಂದು ಮಾತಾಡಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವನ ಹಲ್ಲು ಕೆಂಪಗಿದ್ದವು. ನನ್ನವು ಬೆಳ್ಳಗಿವೆ, ಅಷ್ಟೇ ವ್ಯತ್ಯಾಸ.

ಹಾರದ ಸೇವಂತಿಗೆ ಕೊಳೆತಿತ್ತು. ಕೊರಳಲ್ಲಿ ಇಟ್ಟುಕೊಂಡೇ ಭಾಷಣ ಮಾಡಿದೆ. ವಕೀಲನ ಬಳಿ ಪಕ್ಷಗಾರ ಹೇಳಿದ ಗುಟ್ಟು ಗೋರಿಗೆ ಹೋಗಬೇಕು ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಆ ಹುಡುಗ ನೆನಪಾದ. ಅವನು ಪಕ್ಷಗಾರ ಅಲ್ಲ. ಚಹಾ ಕುಡಿಯುತ್ತ ಅವ್ವನ ಸುದ್ದಿ ಹೇಳಿದವನು. ಅವನ ಗುಟ್ಟಿಗೆ ಯಾವ ಕಾಯ್ದೆಯ ರಕ್ಷಣೆಯೂ ಇಲ್ಲ.

ಬಸ್ಸಿನಲ್ಲಿ ವಾಂತಿಯಾಯಿತು. ಶಾಲಿನಿಂದಲೇ ಬಾಯಿ ಒರೆಸಿಕೊಂಡೆ.

೧೬ ಫೆಬ್ರವರಿ. ಇಂಡಿ

ದಾವೆಗೆ ಮುದ್ದತು ಸಿಕ್ಕಿತು, ಮುಂದಿನ ತಾರೀಖು ಬಿತ್ತು. ಏನೂ ತಿನ್ನಲಿಲ್ಲ.

೧೮ ಫೆಬ್ರವರಿ, ಬುಧವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಬೆಳಿಗ್ಗೆ ಕೋಟು ಹಾಕಿಕೊಂಡೇ ಹೊರಟೆ, ಮುನಸೀಫ ಕೋರ್ಟಿನಲ್ಲಿ ಕೆಲಸವಿತ್ತು. ಯಾಕೂಬಸಾಬ ಕಟ್ಟುಗಳನ್ನು ಹೊತ್ತು ಹಿಂದೆ ಬರುತ್ತಿದ್ದ. ಮಂಡಳಿ ಸೇರುವ ಕಟ್ಟಡದ ಮುಂದೆ ಹೋಗುವಾಗ ಹುಚ್ಚವ್ವ ಒಬ್ಬಳೇ ಗೋಡೆಗೆ ಕೂತಿದ್ದಳು. ಅವಳ ಸುತ್ತ ನಾಲ್ಕು ಮಾರು ಖಾಲಿ ಜಾಗ. ಕನ್ನೊಳ್ಳಿಯವರು, ಮೋರಟಗಿಯವರು ಆಚೆ ಬೇವಿನ ನೆರಳಲ್ಲಿ ನಿಂತಿದ್ದರು. ಅಮೋಘಸಿದ್ಧ ಇತ್ತ ಅವಳ ಹತ್ತಿರ ಬರುವ ಹಾಗಿಲ್ಲ, ಅತ್ತ ತನ್ನವರ ಹತ್ತಿರ ಹೋಗುವ ಹಾಗಿಲ್ಲ, ರಸ್ತೆಯಲ್ಲಿ ಬಿಸಿಲಿಗೆ ನಿಂತಿದ್ದ.

ಒಳಗೆ ಹೋದೆ. ಬಾಗಿಲಲ್ಲಿದ್ದ ಜವಾನ ತಡೆದ. “ವಕೀಲರಿಗೆ ಪರವಾನಗಿ ಇಲ್ರಿ ಸಾಹೇಬ್ರ.”

ಕೋಟು ಬಿಚ್ಚಿ ಯಾಕೂಬಸಾಬನ ಕೈಗೆ ಕೊಟ್ಟೆ. “ಸಾಕ್ಷಿ ಅದೇನಿ, ಬಿಡು,” ಎಂದೆ.

ಗೌಡ ನನ್ನನ್ನು ಕಂಡು ಮುಗುಳ್ನಕ್ಕ, ತನ್ನ ಕಡೆಗೇ ಬಂದೆನೆಂದು. ಅಧ್ಯಕ್ಷರು ಯಾರ ಕಡೆಯ ಸಾಕ್ಷಿ ಎಂದು ಕೇಳಿದರು. ಹುಚ್ಚವ್ವನ ಕಡೆ ಎಂದೆ. ಹದಿನೆಂಟು ವರ್ಷ ಎಳ್ಳ ಅಮಾವಾಸ್ಯೆಗೆ ಆ ಹೊಲದಲ್ಲಿ ಉಂಡಿದ್ದೇನೆ, ಬಿತ್ತಿದವನು ಬೀರಣ್ಣ, ರಾಶಿ ಮಾಡಿದವನು ಬೀರಣ್ಣ, ಪಾಲು ಅಳೆದು ಗೌಡನ ಬಂಡಿಗೆ ಹಾಕಿದ್ದನ್ನೂ ಕಣ್ಣಾರೆ ಕಂಡಿದ್ದೇನೆ ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಗುಮಾಸ್ತ ಬರೆದುಕೊಂಡ.

ಗೌಡ ಎದ್ದು ಒದರಿದ. “ಊರ ಮುಂದ ಭಂಡಾರ ಹಿಡೀಲಿಲ್ಲ ಈ ಹೆಂಗಸು! ಕೇಳ್ರಿ ಬೇಕಾದ್ರ!”

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಹೊಲದ ಮಾತು ಹೇಳಿಯಾಗಿತ್ತು, ಉಳಿದದ್ದನ್ನು ಯಾರೂ ಕೇಳಿರಲಿಲ್ಲ. ಕಿಟಕಿಯಾಚೆ ಮೋರಟಗಿಯವರ ಕಂಬಳಿಗಳು ಕಾಣುತ್ತಿದ್ದವು. ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. “ಅಕಿ ಹಿಡೀದ ಇರಾಕ ಕಾರಣ ಐತಿ. ಅದು ಅವರ ಮನಿ ಮಾತು, ನಾ ಇಲ್ಲಿ ಆಡಾಂಗಿಲ್ಲ. ಒಮ್ಮಿ ಆಡಿ ಕೆಟ್ಟೇನಿ. ಆ ಕಾರಣ ತಿಳಕೊಂಡು, ಅಕಿಗಿ ಭಂಡಾರ ಹಿಡಿ ಅನ್ನು ಅಂತ ಗೌಡಗ ಹೇಳಿಕೊಟ್ಟಾಂವ ನಾನು. ಮೋರಟಗಿ ಹುಡುಗ ಅಲ್ಲ. ನಾನು, ಗೊಲ್ಲಾಳಪ್ಪ ವಕೀಲ.”

ಗುಮಾಸ್ತನ ಲೇಖನಿ ನಿಂತಿತು. ಬರೀರಿ ಎಂದೆ.

ಹೊರಗೆ ಬಂದೆ. ಅಮೋಘಸಿದ್ಧ ಅಲ್ಲೇ ನಿಂತಿದ್ದ. ಮೋರಟಗಿಯ ಮುದುಕನೊಬ್ಬ ಅವನ ಹತ್ತಿರ ಹೋಗಿ ಬಿಸಿಲಿನಿಂದ ನೆರಳಿಗೆ ಎಳೆದುಕೊಂಡ. ಹುಡುಗ ನನ್ನ ಕಡೆ ನೋಡಲಿಲ್ಲ.

ಹುಚ್ಚವ್ವ ಎದ್ದು ಸೆರಗು ಕೊಡವಿದಳು. ಕೈ ಮುಗಿದಾಳೆಂದು ಒಳಗೊಳಗೇ ಕಾದಿದ್ದೆನೇನೋ, ಥೂ ನನ್ನ. “ಹದಿನೆಂಟ ವರ್ಷದ್ದು ಹೇಳಾಕ ಇಷ್ಟ ದಿನಾ ಬೇಕಾತೇನ್ರಿ?” ಎಂದು ಕೇಳಿ ಕನ್ನೊಳ್ಳಿಯ ಹಾದಿ ಹಿಡಿದಳು.

ಮನೆಗೆ ಬಂದು ಹೇಳಿದೆ. ಶೇವಂತೆವ್ವ, “ಇನ್ನ ನನ್ನ ತವರಮನಿ ಬಾಗಲಾ ಮುಚ್ಚಿತು,” ಎಂದಳು. ಅತ್ತಳು. ಆಮೇಲೆ ಎದ್ದು ರೊಟ್ಟಿ ಬಡಿದಳು. ಎರಡು ತಿಂದೆ. ಒಂದು ಸೀದಿತ್ತು.

೨೦ ಡಿಸೆಂಬರ್ ೧೯೭೬, ಸೋಮವಾರ

ಹತ್ತು ತಿಂಗಳಾಯಿತು ಈ ವಹಿ ಮುಟ್ಟಿ. ಇಂದು ಎಳ್ಳ ಅಮಾವಾಸ್ಯೆ. ಕಚೇರಿಗೆ ರಜೆ. ರಜೆ ಇರದಿದ್ದರೂ ಬರುವವರು ಕಡಿಮೆ. ಗುಟ್ಟು ನಿಲ್ಲದ ಬಾಯಿ ಎಂದು ನಾಲ್ಕೂ ತಾಲೂಕಿನಲ್ಲಿ ಹೆಸರಾಗಿದೆ. ಜೂನಿಯರಿಬ್ಬರೂ ಬೇರೆ ಕಚೇರಿ ಸೇರಿದರು. ಮೆಟ್ಟಿಲು ಸ್ವಚ್ಛವಾಗಿವೆ. ಅಮೋಘಸಿದ್ಧ ಇಂಡಿಯಲ್ಲಿ ಸ್ವಂತ ಫಲಕ ಹಾಕಿದ್ದಾನೆ. ಕೋಟನ್ನು ಯಾಕೂಬಸಾಬನ ಕೈಯಲ್ಲಿ ಕಳಿಸಿದ್ದೆ, ತೆಗೆದುಕೊಳ್ಳಲಿಲ್ಲ, ಹೊಸದು ಹೊಲಿಸಿದ. ಹೋದ ತಿಂಗಳು ಒಂದು ದಾವೆಯಲ್ಲಿ ನನ್ನೆದುರು ನಿಂತು ಗೆದ್ದ. ನಮಸ್ಕಾರ ಮಾಡಲಿಲ್ಲ. ವಾದ ಮಾತ್ರ ಚೆನ್ನಾಗಿ ಮಾಡಿದ.

ಮಂಡಳಿ ಜೂನ್ ತಿಂಗಳಲ್ಲಿ ಎಂಟೂ ಎಕರೆಯನ್ನು ಹುಚ್ಚವ್ವನಿಗೆ ಬರೆಯಿತು. ಎಪ್ರಿಲ್‌ನಲ್ಲಿ ವರ್ಷದ ಎಡೆ ಮಾಡಿದ ಮರುದಿನವೇ ಅವಳು ಬೀರಪ್ಪನ ಕಟ್ಟೆಗೆ ಹೋಗಿ, ಯಾರೂ ಕರೆಯದಿದ್ದರೂ, ಭಂಡಾರ ಹಿಡಿದು ಆ ಒಂದು ಮಾತು ಹೇಳಿ ಬಂದಳಂತೆ. ಗೌಡ ಹೈಕೋರ್ಟಿಗೆ ಹೋಗುತ್ತೇನೆ ಎನ್ನುತ್ತಾನೆ. ಹೋಗಿಲ್ಲ. ನಮ್ಮನ್ನಂತೂ ಕರೆಯುವುದಿಲ್ಲ.

ಬೆಳಿಗ್ಗೆ ಮನೆಯ ಮುಂದೆ ಬಂಡಿ ನಿಂತಿತು. ಹುಚ್ಚವ್ವ ಇಳಿದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗಿಂದಲೇ ಕೂಗಿದಳು. “ಅವ್ವಾರ, ಬರ್ರಿ ಚರಗಾ ಚೆಲ್ಲಾಕ. ನಿಮ್ಮ ತವರ ಹೊಲಾನ ಅದು.”

ಶೇವಂತೆವ್ವ ಬಾಗಿಲಿಗೆ ಬಂದವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ. ಹೌದು, ಹುಡುಕುತ್ತಿದ್ದೆ, ಇಲ್ಲೇಕೆ ಸುಳ್ಳು.

“ವಕೀಲಪ್ಪಾರು ಬ್ಯಾಡ್ರಿ,” ಎಂದಳು ಹುಚ್ಚವ್ವ. ಸಿಟ್ಟಿನಿಂದ ಅಲ್ಲ, ಮನೆಯ ಪದ್ಧತಿ ಹೇಳುವವರ ಹಾಗೆ ಹೇಳಿದಳು. “ನಂಗ ಒಂದ ವರ್ಷ ಮುಟ್ಟಾಂಗಿದ್ದಿಲ್ಲ. ಅವರಿಗೂ ಒಂದ ವರ್ಷ ಆಗಲಿ.”

ಬಂಡಿ ಹೋಯಿತು. ನಾನು ಅಡಿಗೆಮನೆಯಲ್ಲಿ ಒಬ್ಬನೇ ಕೂತು ನಿನ್ನೆಯ ಸಜ್ಜೆ ರೊಟ್ಟಿ, ಒಣಖಾರ ತಿಂದೆ. ರೊಟ್ಟಿ ಕಟ್ಟಿಗೆಯಂತಿತ್ತು. ನಾಲ್ಕು ತಿಂದೆ.

ಸಂಜೆ ಯಾಕೂಬಸಾಬ ಬಂದಾಗ ಪೇಟೆಯಿಂದ ಹೊಸ ಪಂಚಾಂಗ ತಾ ಎಂದೆ. ಫೆಬ್ರವರಿ ಹದಿನೆಂಟಕ್ಕೆ ನನ್ನ ವರ್ಷ ತುಂಬುತ್ತದೆ. ಅದರ ಮೇಲಿನ ಎಳ್ಳ ಅಮಾವಾಸ್ಯೆ ಯಾವ ದಿನ ಬರುತ್ತದೆ ಎಂದು ನೋಡಬೇಕು.

“ಅದು ಇನ್ನ ಛಾಪ ಆಗಿಲ್ರಿ ಸಾಹೇಬ್ರ,” ಎಂದ. “ಯುಗಾದಿತನಕ ತಡೀಬೇಕು.”

ತಡೆಯುತ್ತೇನೆ ಎಂದೆ.